ಉಣ್ಣುವವರ ಊರು ಒಸಾಕಾ

ಜಪಾನಿನ ಒಸಾಕಾ ನಗರಕ್ಕೆ ಹೊರಟಿದ್ದೇವೆಂದು ತಿಳಿದಾಗ ಬಂಧುಗಳೆಲ್ಲ ಕೇಳಿದ್ದು ಒಂದೇ ಪ್ರಶ್ನೆ: "ಅಲ್ಲಿ ಏನು ಉಣ್ಣುತ್ತೀರಿ?" ನಮ್ಮ ಸಂಗಡ ಎಪ್ಪತ್ನಾಲ್ಕು ವರ್ಷದ ತಾಯಿಯವರಿದ್ದರು. ಲಿಂಗಪೂಜೆಯಾಗದೆ ಅವರು ನೀರನ್ನೂ ಮುಟ್ಟುವವರಲ್ಲ. ಮೀನಿನ ವಾಸನೆ ಸುಳಿದರೆ ಪಂಕ್ತಿಯಿಂದ ಎದ್ದುಬಿಡುವವರು. ನಾವು ಹೋಗುತ್ತಿದ್ದುದಾದರೋ ಊಟಕ್ಕೇ ಹೆಸರಾದ ಊರಿಗೆ. ಉಂಡು ಉಂಡೇ ದಿವಾಳಿಯಾಗುವುದಕ್ಕೆ ಜಪಾನೀಯರು 'ಕುಯಿದಾವೊರೆ' ಎನ್ನುತ್ತಾರೆ. ಆ ಮಾತು ಒಸಾಕಾದ ಜನರಿಗೆ ಬಿರುದಿನಂತೆ ಅಂಟಿಕೊಂಡಿದೆ.

ಕಡಲನ್ನು ತುಂಬಿಸಿ ನಿರ್ಮಿಸಿದ ದ್ವೀಪದ ಮೇಲೆ 1994ರಲ್ಲಿ ತೆರೆದ ಕನ್ಸಾಯ್ ವಿಮಾನ ನಿಲ್ದಾಣದಲ್ಲಿ ಇಳಿದು, ರೈಲು ಹಿಡಿದರೆ ಮುಕ್ಕಾಲು ಗಂಟೆಯೊಳಗೆ ನಗರದ ನಡುವಿನ ನಂಬಾ ನಿಲ್ದಾಣ ಸಿಗುತ್ತದೆ. ಮೊದಲ ದಿನ ಕೋಟೆಯನ್ನು ನೋಡಿದೆವು. ತೊಯೊತೊಮಿ ಹಿದೆಯೋಶಿ 1583ರಲ್ಲಿ ಕಟ್ಟಲಾರಂಭಿಸಿದ ಕೋಟೆ 1615ರ ಯುದ್ಧದಲ್ಲಿ ನಾಶವಾಯಿತು. ಗೆದ್ದ ತೊಕುಗಾವಾ ವಂಶದವರು ಅದೇ ಸ್ಥಳದಲ್ಲಿ ಮತ್ತೆ ಕಟ್ಟಿಸಿದರು. ಇಂದು ಕಾಣುವ ನಡುಗೋಪುರ 1931ರ ಕಾಂಕ್ರೀಟಿನದು, ಒಳಗೆ ಲಿಫ್ಟ್ ಸಹ ಇದೆ. ಅದಕ್ಕಿಂತ ನಮ್ಮನ್ನು ತಡೆದು ನಿಲ್ಲಿಸಿದ್ದು ಗೋಡೆಯ ಕಲ್ಲುಗಳು. ಒಂದೊಂದು ಕಲ್ಲು ಒಂದು ಮನೆಯ ಗೋಡೆಯಷ್ಟು ಅಗಲ. ಎಲ್ಲಕ್ಕೂ ದೊಡ್ಡದರ ತೂಕ ನೂರು ಟನ್ನಿಗೂ ಮಿಗಿಲೆಂದು ಅಂದಾಜು. ಅದನ್ನು ದೂರದಿಂದ ಸಮುದ್ರದ ಮೇಲೆ ತಂದರಂತೆ!

593ರಲ್ಲಿ ಯುವರಾಜ ಶೋತೊಕು ಸ್ಥಾಪಿಸಿದನೆಂಬ ಶಿತೆನ್ನೋಜಿ ಬೌದ್ಧಾಲಯವನ್ನೂ ನೋಡಬಹುದು. ಕಟ್ಟಡಗಳು ಮತ್ತೆ ಮತ್ತೆ ಬಿದ್ದು ಎದ್ದವು. ಪ್ರತಿ ತಿಂಗಳ 21 ಮತ್ತು 22ರಂದು ಆವರಣದಲ್ಲಿ ಸಂತೆ ಸೇರುತ್ತದೆ. ಹೋಗುವುದಾದರೆ ಆ ದಿನಗಳಲ್ಲೇ ಹೋಗಬೇಕು.

ಸಂಜೆ ದೋತೊನ್‌ಬೊರಿಗೆ ಹೋದೆವು. 1615ರಲ್ಲಿ ತೋಡಿ ಮುಗಿಸಿದ ಕಾಲುವೆಯ ಇಕ್ಕೆಲದ ಬೀದಿಗಳಿಗೆ ಆ ಹೆಸರು. ಬಣ್ಣದ ದೀಪಗಳು, ಕಾಲು ಆಡಿಸುವ ದೈತ್ಯ ಏಡಿಯ ಫಲಕ, ತೇರಿನ ದಿನದಂಥ ಜನಸಂದಣಿ. ಒಂದು ಅಂಗಡಿಯ ಮುಂದೆ ನಮ್ಮ ತಾಯಿಯವರು ಗಕ್ಕನೆ ನಿಂತರು. ಕುಳಿಗಳುಳ್ಳ ಕಬ್ಬಿಣದ ಹಂಚಿಗೆ ಹಿಟ್ಟು ಸುರಿದು, ಕಡ್ಡಿಯಿಂದ ತಿರುವಿ ತಿರುವಿ ಗುಂಡಗೆ ಬೇಯಿಸುತ್ತಿದ್ದರು.

"ಇದು ನಮ್ಮ ಪಡ್ಡಿನ ಹಂಚ ಅಲ್ಲೇನೋ!" ಎಂದರು. ಹೌದು, ನೋಟಕ್ಕೆ ಪಡ್ಡೇ. ಆದರೆ ತಾಕೊಯಾಕಿ ಎಂಬ ಆ ತಿನಿಸಿನ ಹೊಟ್ಟೆಯಲ್ಲಿ ಅಷ್ಟಪದಿಯ ತುಣುಕಿರುತ್ತದೆ. ಹೇಳಿದೊಡನೆ ಅವರು ಸೆರಗನ್ನು ಮೂಗಿಗೆ ಹಿಡಿದು ಮುಂದೆ ನಡೆದರು.

ನಿಜವಾದ ಎಡವಟ್ಟು ಮರುದಿನ ಆಯಿತು. ಒಂದು ಚಿಕ್ಕ ಉಪಾಹಾರ ಗೃಹದಲ್ಲಿ 'ಮಾಂಸ ಬೇಡ' ಎಂದು ಹೇಳಿ ಉದೊನ್ ಶಾವಿಗೆಯನ್ನು ತರಿಸಿದೆವು. ಬಟ್ಟಲಿನಲ್ಲಿ ಮಾಂಸವಿರಲಿಲ್ಲ, ನಿಜ. ತಾಯಿಯವರು ಬಟ್ಟಲನ್ನು ಬಾಯಿಯ ಬಳಿಗೆ ತಂದವರು ಹಾಗೆಯೇ ಕೆಳಗಿಟ್ಟರು. ಒಂದು ಮಾತೂ ಆಡಲಿಲ್ಲ. ಅಂದಿನಿಂದ ಎರಡು ದಿನ ಊರಿನಿಂದ ಒಯ್ದಿದ್ದ ಸಜ್ಜೆ ರೊಟ್ಟಿ, ಶೇಂಗಾ ಚಟ್ನಿಯ ಹೊರತು ಬೇರೇನನ್ನೂ ಮುಟ್ಟಲಿಲ್ಲ. ತಪ್ಪು ನಮ್ಮದೇ. ಕೇಳಬೇಕಾದುದನ್ನು ನಾವು ಕೇಳಿರಲಿಲ್ಲ.

ಅಲ್ಲಿನ ಅಡುಗೆಗೆ 'ದಾಶಿ' ಎಂಬ ತಿಳಿಸಾರೇ ಬುನಾದಿ. ಒಣಗಿಸಿ, ಹೊಗೆಯಲ್ಲಿ ಕಟ್ಟಿಗೆಯಂತೆ ಗಟ್ಟಿಮಾಡಿದ ಕಾತ್ಸುಓ ಮೀನಿನ ಹೆರೆಗಳನ್ನೂ, 'ಕೊಂಬು' ಎಂಬ ಕಡಲಸಸ್ಯವನ್ನೂ ಕುದಿಸಿ ಅದನ್ನು ತೆಗೆಯುತ್ತಾರೆ. ತರಕಾರಿ ಪಲ್ಯಕ್ಕೂ ಅದೇ, ಶಾವಿಗೆಗೂ ಅದೇ. ಮಾಂಸ ಬೇಡವೆಂದರೆ ತುಂಡುಗಳನ್ನಷ್ಟೇ ಬಿಡುತ್ತಾರೆ, ಸಾರು ಉಳಿಯುತ್ತದೆ. ಕೊಂಬು ಮಾತ್ರ ಶುದ್ಧ ಸಸ್ಯ. ಹಿಂದೆ ಅದನ್ನು ಉತ್ತರದ ಹೊಕ್ಕಾಯ್ದೊದಿಂದ ಹಡಗುಗಳಲ್ಲಿ ಹೇರಿ ಒಸಾಕಾಕ್ಕೆ ತರುತ್ತಿದ್ದರು; ಅದರಿಂದಲೇ ಈ ಊರಿನ ರುಚಿ ರೂಪುಗೊಂಡಿತು. 1908ರಲ್ಲಿ ಟೋಕಿಯೋದ ವಿಜ್ಞಾನಿ ಕಿಕುನಾಯೆ ಇಕೆದಾ ಇದೇ ಕೊಂಬುವಿನಿಂದ ರುಚಿಯ ಸತ್ವವನ್ನು ಬೇರ್ಪಡಿಸಿದರು. ನಮ್ಮ ಗೋಬಿ ಮಂಚೂರಿಯ ಗಾಡಿಗಳವರೆಗೆ ಬಂದ ಅಜಿನೊಮೊಟೊ ಹುಟ್ಟಿದ್ದು ಹಾಗೆ.

ಆದುದರಿಂದ ಹೋಗುವ ಬಂಧುಗಳು ಒಂದು ಚೀಟಿಯಲ್ಲಿ ಮಾಂಸ, ಮೀನು, ಮೊಟ್ಟೆ, ಕಾತ್ಸುಓ ಸಾರು ಯಾವುದೂ ಬೇಡವೆಂದು ಜಪಾನಿ ಭಾಷೆಯಲ್ಲಿ ಬರೆಸಿಟ್ಟುಕೊಳ್ಳಬೇಕು. ನಗರದಲ್ಲಿ ಭಾರತೀಯ ಉಪಾಹಾರ ಗೃಹಗಳು ಇವೆ. ಹಸಿ ಹಣ್ಣು, ತರಕಾರಿಗಳನ್ನು ಪ್ರಮಾಣಪತ್ರವಿಲ್ಲದೆ ಒಯ್ಯಲಾಗದು. ಒಣ ರೊಟ್ಟಿಗೆ ತೊಂದರೆಯಾಗಲಿಲ್ಲ.

ನಾಲ್ಕನೆಯ ದಿನ ರಾಷ್ಟ್ರೀಯ ಬುನ್‌ರಾಕು ರಂಗಮಂದಿರಕ್ಕೆ ಹೋದೆವು. 1984ರಲ್ಲಿ ತೆರೆದ ಈ ಮಂದಿರದಲ್ಲಿ ಗೊಂಬೆಯಾಟ ವರ್ಷವಿಡೀ ನಡೆಯುವುದಿಲ್ಲ, ದಿನಾಂಕ ನೋಡಿ ಹೋಗಬೇಕು. ನಮ್ಮ ಸೂತ್ರದ ಗೊಂಬೆಯಾಟವನ್ನೋ ತೊಗಲುಗೊಂಬೆಯನ್ನೋ ಕಂಡವರಿಗೆ ಇದು ಬೇರೆಯೇ ಲೋಕ. ಮೊಳಕ್ಕಿಂತ ಎತ್ತರದ ಒಂದು ಗೊಂಬೆಗೆ ಮೂವರು ಆಡಿಸುವವರು. ಹಿರಿಯನು ತಲೆ ಮತ್ತು ಬಲಗೈಯನ್ನೂ, ಎರಡನೆಯವನು ಎಡಗೈಯನ್ನೂ, ಮೂರನೆಯವನು ಕಾಲುಗಳನ್ನೂ ಆಡಿಸುತ್ತಾರೆ. ಕಾಲಿಗೆ ಹತ್ತು ವರ್ಷ, ಎಡಗೈಗೆ ಹತ್ತು ವರ್ಷ ಕಲಿಕೆ ಬೇಕೆಂಬ ಮಾತುಂಟು. ಪಕ್ಕದಲ್ಲಿ ಕುಳಿತ ಒಬ್ಬನೇ ಗಾಯಕ, ಮೂರು ತಂತಿಯ ಶಾಮಿಸೆನ್ ವಾದ್ಯದ ಜೊತೆಗೆ, ಎಲ್ಲ ಪಾತ್ರಗಳ ಮಾತನ್ನೂ ಅಳುವನ್ನೂ ನುಡಿಯುತ್ತಾನೆ. ಆರಂಭಿಸುವ ಮುನ್ನ ಆತನು ಪುಸ್ತಕವನ್ನು ಎರಡೂ ಕೈಯಲ್ಲೆತ್ತಿ ಹಣೆಯ ಮಟ್ಟಕ್ಕೆ ಹಿಡಿದು ವಂದಿಸಿದಾಗ, ನಮ್ಮ ತಾಯಿಯವರು ಕುಳಿತಲ್ಲೇ ಕೈ ಮುಗಿದರು. ಅರ್ಧ ಗಂಟೆಯ ಮೇಲೆ ಅವರ ಕಣ್ಣು ಒದ್ದೆಯಾಗಿತ್ತು. ಭಾಷೆಯ ಒಂದಕ್ಷರವೂ ಅವರಿಗೆ ತಿಳಿದಿರಲಿಲ್ಲ.

ಮರುದಿನ ನಂಬಾದಿಂದ ರೈಲು, ಬಳಿಕ ಹಗ್ಗದೆಳೆತದ ಬೆಟ್ಟಗಾಡಿ ಹತ್ತಿ ಕೋಯಾಸಾನ್‌ಗೆ ಹೋದೆವು. ಎಲ್ಲ ಸೇರಿ ಎರಡು ಗಂಟೆಯ ದಾರಿ. ಕುಕಾಯ್ ಎಂಬ ಆಚಾರ್ಯರು 816ರಲ್ಲಿ ಸ್ಥಾಪಿಸಿದ ಬೌದ್ಧ ಕ್ಷೇತ್ರವಿದು. ಅವರು 835ರಿಂದ ಇಂದಿನವರೆಗೂ ಧ್ಯಾನಸ್ಥರಾಗಿಯೇ ಇದ್ದಾರೆಂದು ನಂಬಿ, ಭಿಕ್ಷುಗಳು ಸಮಾಧಿಗೆ ದಿನವೂ ಎರಡು ಹೊತ್ತು ಊಟ ಒಯ್ಯುತ್ತಾರೆ. ದಾರಿಯುದ್ದಕ್ಕೂ ಬೃಹತ್ ದೇವದಾರುಗಳ ನೆರಳಿನಲ್ಲಿ ಎರಡು ಲಕ್ಷಕ್ಕೂ ಹೆಚ್ಚು ಗೋರಿಗಳು. ಹಲವು ಕಲ್ಲುಗಳ ಮೇಲೆ ಸಿದ್ಧಂ ಲಿಪಿಯ ಸಂಸ್ಕೃತ ಬೀಜಾಕ್ಷರಗಳು. ನಮ್ಮ ಕನ್ನಡ ಲಿಪಿಯಂತೆ ಅದೂ ಬ್ರಾಹ್ಮಿಯ ಸಂತಾನ.

ಅಲ್ಲಿನ ಐವತ್ತರಷ್ಟು ಮಠಗಳು ಯಾತ್ರಿಕರಿಗೆ ವಸತಿ ಕೊಡುತ್ತವೆ. ಮಠದ ಊಟದಲ್ಲಿ ಮಾಂಸ ಮೀನುಗಳಿಲ್ಲ, ಈರುಳ್ಳಿ ಬೆಳ್ಳುಳ್ಳಿಯೂ ಇಲ್ಲ. ಸಾರಿಗೆ ಕೊಂಬು ಮತ್ತು ಒಣ ಅಣಬೆ. ತಾಯಿಯವರು ಚಾಪೆ ಹಾಸಿದ ಕೋಣೆಯಲ್ಲಿ ಪೂಜೆ ಮುಗಿಸಿ ಬಂದು ಕುಳಿತರು. ಎಳ್ಳಿನಿಂದ ಮಾಡಿದ ನುಣುಪಾದ ಗಿಣ್ಣದಂಥದ್ದು, ಚಳಿಗೆ ಹೆಪ್ಪುಗಟ್ಟಿಸಿ ಒಣಗಿಸಿದ ಸೋಯಾ ತೋಫು, ಬೇಯಿಸಿದ ಗೆಡ್ಡೆಗಳು, ಅನ್ನ. ಒಂದೊಂದನ್ನೂ ಮೂಸಿ ನೋಡಿದರು. ಆಮೇಲೆ ತಲೆ ಎತ್ತದೆ ಉಂಡರು. "ಖಾರ ಸ್ವಲ್ಪ ಕಡಿಮಿ" ಎಂದದ್ದಷ್ಟೇ ದೂರು.

ಹೊರಡುವ ಮುನ್ನಾದಿನ ಅವರೇ ನಮ್ಮನ್ನು ನಂಬಾ ಬಳಿಯ ದೋಗುಯಾಸುಜಿಗೆ ಎಳೆದೊಯ್ದರು. ಅದು ಅಡುಗೆ ಪಾತ್ರೆಗಳ ಅಂಗಡಿಸಾಲು. ಅಲ್ಲಿ ಆರಿಸಿ ಆರಿಸಿ, ಒಮ್ಮೆಯೂ ಬಳಸದ ಹೊಸ ತಾಕೊಯಾಕಿ ಹಂಚೊಂದನ್ನು ಕೊಂಡರು. ಈಗ ಅದು ನಮ್ಮ ಅಡುಗೆಮನೆಯಲ್ಲಿದೆ. ಕುಳಿಗಳು ನಮ್ಮವಕ್ಕಿಂತ ತುಸು ಆಳ. ಹಿಟ್ಟನ್ನು ಸ್ವಲ್ಪ ತೆಳ್ಳಗೆ ಕಲಸಿದರೆ ಪಡ್ಡು ಚೆನ್ನಾಗಿ ಬರುತ್ತದೆ.