ಹಾರ್ಡ್ ಡಿಸ್ಕ್ ಹಾಕಿದರೆ ಮೌಸ್ ತಡವರಿಸುವುದೇಕೆ?

ಲ್ಯಾಪ್‌ಟಾಪಿಗೆ ಹಾರ್ಡ್ ಡಿಸ್ಕ್ ಸಿಕ್ಕಿಸಿ ಫೈಲ್ ಕಾಪಿ ಮಾಡತೊಡಗಿದ ಕೂಡಲೇ ವೈರ್‌ಲೆಸ್ ಮೌಸಿನ ಬಾಣ ತಡೆದು ತಡೆದು ಓಡುತ್ತದೆ. ವೈಫೈ ಕೂಡ ನಿಧಾನವಾಗುತ್ತದೆ. ಬ್ಯಾಟರಿ ಬದಲಿಸಿ, ಡ್ರೈವರ್ ಮತ್ತೆ ಹಾಕಿ, ಕಡೆಗೆ ಹೊಸ ಮೌಸನ್ನೇ ತಂದವರೂ ಇದ್ದಾರೆ. ಪಾಪ, ತಪ್ಪು ಮೌಸಿನದಲ್ಲ.

ಮೌಸಿನ ರಿಸೀವರ್, ಬ್ಲೂಟೂತ್ ಹೆಡ್‌ಫೋನ್, ವೈಫೈನ ಹಳೆಯ ಬ್ಯಾಂಡ್ ಎಲ್ಲವೂ 2.4 ಗಿಗಾಹರ್ಟ್ಸ್‌ನಲ್ಲೇ ಕೆಲಸ ಮಾಡುತ್ತವೆ. ಈ ಬ್ಯಾಂಡಿನ ಅಗಲ ಸುಮಾರು 83 ಮೆಗಾಹರ್ಟ್ಸ್ ಅಷ್ಟೆ. ವೈಫೈನ ಒಂದು ಚಾನೆಲ್ಲೇ 20 ಮೆಗಾಹರ್ಟ್ಸ್ ನುಂಗುವುದರಿಂದ ಅಕ್ಕಪಕ್ಕದ ಮನೆಯವರು ಒಬ್ಬರಿಗೊಬ್ಬರು ಅಡ್ಡಬಾರದೆ ಬಳಸಬಹುದಾದ ಚಾನೆಲ್ಲುಗಳೆಂದರೆ 1, 6, 11, ಈ ಮೂರೇ. ಬ್ಲೂಟೂತ್ ಮಾತ್ರ ಸೆಕೆಂಡಿಗೆ 1600 ಸಲದವರೆಗೂ ಚಾನೆಲ್ ಬದಲಿಸುತ್ತ, ಗದ್ದಲವಿಲ್ಲದ ಕಡೆ ಜಾರಿಕೊಳ್ಳುತ್ತದೆ.

ಮೊದಲೇ ಕಿಕ್ಕಿರಿದ ಈ ಜಾಗಕ್ಕೆ ಯುಎಸ್‌ಬಿ 3.0 ಕೂಡ ಬಂದು ಸೇರುತ್ತದೆ. ನೀಲಿ ಬಣ್ಣದ ಪೋರ್ಟ್ ಇರುತ್ತದಲ್ಲ, ಸಾಮಾನ್ಯವಾಗಿ ಅದೇ. ಸೆಕೆಂಡಿಗೆ 5 ಗಿಗಾಬಿಟ್ ವೇಗದಲ್ಲಿ ಡೇಟಾ ಹರಿಯುವಾಗ ಪೋರ್ಟು, ಕೇಬಲ್ಲು, ಡಿಸ್ಕಿನಿಂದ ರೇಡಿಯೊ ಗದ್ದಲ ಸೋರುತ್ತದೆ, ಅದು 2.4 ಗಿಗಾಹರ್ಟ್ಸ್ ಮೇಲೂ ಹರಡುತ್ತದೆ. ಇಂಟೆಲ್ ಕಂಪನಿಯೇ ಇದನ್ನು ಅಳೆದು 2012ರಲ್ಲಿ ವರದಿ ಪ್ರಕಟಿಸಿತು. ಗದ್ದಲವೂ ಮೌಸಿನ ಸಂಕೇತವೂ ಒಂದೇ ಬ್ಯಾಂಡಿನಲ್ಲಿರುವುದರಿಂದ ಅದನ್ನು ಫಿಲ್ಟರ್ ಹಾಕಿ ಸೋಸಲು ಬರುವುದಿಲ್ಲ. ನಮಗೆ ಸುಲಭದ ದಾರಿ ಎರಡು: ದೂರ ಇಡುವುದು, ಇಲ್ಲವೇ ಬ್ಯಾಂಡ್ ಬದಲಿಸುವುದು.

ಮೌಸಿನ ರಿಸೀವರನ್ನು ಡಿಸ್ಕಿನ ಪಕ್ಕದಿಂದ ಕಿತ್ತು ಇನ್ನೊಂದು ಬದಿಯ ಪೋರ್ಟಿಗೆ ಹಾಕಿ. ಡೆಸ್ಕ್‌ಟಾಪ್ ಆದರೆ ಯುಎಸ್‌ಬಿ 2.0 ಎಕ್ಸ್‌ಟೆನ್ಷನ್ ಕೇಬಲ್ ಜೋಡಿಸಿ, ರಿಸೀವರನ್ನು ಮೇಜಿನ ಮೇಲೆ ಮೌಸಿನ ಹತ್ತಿರ ತನ್ನಿ. ಬಹಳಷ್ಟು ಸಲ ಇಷ್ಟರಲ್ಲೇ ಬಾಣ ಸರಾಗವಾಗುತ್ತದೆ.

ವೈಫೈಯನ್ನು 5 ಗಿಗಾಹರ್ಟ್ಸ್‌ಗೆ ಬದಲಿಸಿಕೊಳ್ಳುವುದು ಒಳ್ಳೆಯದು. ಆದರೆ ಹಳೆಯ ಲ್ಯಾಪ್‌ಟಾಪಿನಲ್ಲಿ 5 ಗಿಗಾಹರ್ಟ್ಸ್ ನೆಟ್‌ವರ್ಕಿನ ಹೆಸರೇ ಕಾಣಿಸದಿದ್ದರೆ ರೂಟರನ್ನು ದೂರಬೇಡಿ. ವೈಫೈ 4 ಎನ್ನುವ 2009ರ ಮಾನಕ ಎರಡೂ ಬ್ಯಾಂಡಿಗೆ ಅವಕಾಶ ಕೊಟ್ಟಿದ್ದರೂ ಅಗ್ಗದ ಕಾರ್ಡುಗಳಲ್ಲಿ 2.4 ಒಂದನ್ನೇ ಹಾಕಿರುತ್ತಿದ್ದರು. ಅಂಥ ಲ್ಯಾಪ್‌ಟಾಪಿಗೆ ಡಾಂಗಲ್ ಕೊಳ್ಳುವಾಗ ಡಬ್ಬಿಯ ಮೇಲಿನ ವೇಗದ ಸಂಖ್ಯೆಗಿಂತ ಮೊದಲು ‘ಡ್ಯುಯಲ್ ಬ್ಯಾಂಡ್’ ಎಂದಿದೆಯೇ ನೋಡಿ. 150 ಎಂಬಿಪಿಎಸ್ ಎಂದಷ್ಟೇ ಬರೆದ ಪುಟ್ಟ ಡಾಂಗಲ್ಲುಗಳು ಸಾಮಾನ್ಯವಾಗಿ 2.4ರವೇ.

ಇನ್ನೊಂದು ಮಾತು. ರಿಸೀವರ್ ಕಳೆದುಹೋದರೆ ಕೈಗೆ ಸಿಕ್ಕಿದ್ದನ್ನು ತರಬೇಡಿ. ಒಂದೇ ಕಂಪನಿಯದಾದರೂ ಲಾಜಿಟೆಕ್‌ನ ‘ಯೂನಿಫೈಯಿಂಗ್’ ಮೌಸು ಅದರ ಹೊಸ ‘ಬೋಲ್ಟ್’ ರಿಸೀವರಿಗೆ ಜೋಡಿಯಾಗುವುದಿಲ್ಲ. ಮೌಸಿನ ತಳದಲ್ಲಿರುವ ಗುರುತನ್ನು ಫೋನಿನಲ್ಲಿ ಫೋಟೊ ತೆಗೆದುಕೊಂಡೇ ಅಂಗಡಿಗೆ ಹೋಗಿ.