ಗುರುವಿನ ಕಟ್ಟಡ ಹರಾಜಾಯಿತು, ಶಿಷ್ಯರ ಮಂಡಲ ಉಳಿಯಿತು

ಮಿರಜ–ಸಾಂಗಲಿಯ ಅನುಭವ ನಮ್ಮ ಸಂಘಗಳಿಗೆ ಹೇಳುವುದೇನು?

ಗಡಿನಾಡಿನ ನಮ್ಮ ಊರುಗಳಲ್ಲಿ ಸಂಘ ಕಟ್ಟುವವರಿಗೆ ಎಂದೂ ಬರಗಾಲವಿದ್ದುದಿಲ್ಲ. ಕನ್ನಡ ಸಂಘ, ವಾಚನಾಲಯ, ಯಕ್ಷಗಾನ ಕಲಾ ಸಂಘ, ಸಂಗೀತ ಸಭೆ, ಸಾಹಿತ್ಯ ಕೂಟ, ಯಾವುದೇ ಇರಲಿ, ಉದ್ಘಾಟನೆಯ ದಿನ ಚಪ್ಪರ ತುಂಬುತ್ತದೆ. ಆದರೆ ಸಂಘವೊಂದರ ನಿಜವಾದ ಪರೀಕ್ಷೆ ಅಂದಿನದಲ್ಲ. ಸ್ಥಾಪಕರು ಹಾಸಿಗೆ ಹಿಡಿದಾಗ, ಕಾರ್ಯದರ್ಶಿಗೆ ದೂರದೂರಿಗೆ ವರ್ಗವಾದಾಗ, ಖಜಾಂಚಿಯ ಮಗ ಕೊಲ್ಲಿ ರಾಷ್ಟ್ರಕ್ಕೆ ಹೋಗಿ ಮನೆಗೆ ಬೀಗ ಬಿದ್ದಾಗ ಆ ಪರೀಕ್ಷೆ ಬರುತ್ತದೆ. ನಡಾವಳಿ ಪುಸ್ತಕ ಯಾರದೋ ಮನೆಯ ಅಟ್ಟದಲ್ಲಿ ಗೆದ್ದಲಿಗೆ ಆಹಾರವಾಗುತ್ತದೆ. ಬ್ಯಾಂಕಿನ ಖಾತೆಗೆ ಸಹಿ ಹಾಕಬೇಕಾದ ಇಬ್ಬರಲ್ಲಿ ಒಬ್ಬರು ತೀರಿಹೋಗಿರುತ್ತಾರೆ. ಸಂಘ ಮುಚ್ಚಿತೆಂದು ಯಾರೂ ಸಾರುವುದಿಲ್ಲ. ಅದು ಸದ್ದಿಲ್ಲದೆ ಇಲ್ಲವಾಗುತ್ತದೆ.

ಬಹುಸಂಖ್ಯಾತರ ನಾಡಿನಲ್ಲಿ ಇದು ದೊಡ್ಡ ನಷ್ಟವಲ್ಲದಿರಬಹುದು. ಅಲ್ಲಿ ಭಾಷೆಯನ್ನು ಸರಕಾರ, ಪೇಟೆ, ಸಿನೆಮಾ ಎಲ್ಲವೂ ಎತ್ತಿ ನಿಲ್ಲಿಸುತ್ತವೆ. ನಮ್ಮಲ್ಲಿ ಹಾಗಲ್ಲ. ಶಾಲೆಯ ಹೊರಗೆ ಮಗುವಿನ ಕಿವಿಗೆ ನಾಲ್ಕು ಒಳ್ಳೆಯ ಕನ್ನಡದ ಮಾತು ಬೀಳುವುದಿದ್ದರೆ ಅದು ಮನೆಯಲ್ಲಿ, ಇಲ್ಲವೇ ಇಂಥ ಸಂಘಗಳ ಅಂಗಳದಲ್ಲಿ. ಆದುದರಿಂದ ಸಂಘ ನಡೆಸುವ ವಿದ್ಯೆಯನ್ನು ನಾವು ತಾತ್ಸಾರ ಮಾಡುವಂತಿಲ್ಲ. ಈ ವಿದ್ಯೆಗೆ ಒಂದು ಒಳ್ಳೆಯ ಪಾಠಶಾಲೆ ನಮ್ಮಂಥದೇ ಇನ್ನೊಂದು ಗಡಿನಾಡಿನಲ್ಲಿದೆ. ಅದು ಮಹಾರಾಷ್ಟ್ರದ ಮಿರಜ–ಸಾಂಗಲಿ.

ನೆಂಟಸ್ತಿಕೆಯ ಊರು

ಮಿರಜ, ಸಾಂಗಲಿಗಳು ಪಟವರ್ಧನ ಮನೆತನದ ಹಳೆಯ ಸಂಸ್ಥಾನಗಳು. ಕೃಷ್ಣಾ ನದಿಯ ದಂಡೆಯ ಈ ಅವಳಿ ಊರುಗಳು ಈಗ ಕುಪವಾಡದೊಂದಿಗೆ ಸೇರಿ ಒಂದೇ ಮಹಾನಗರಪಾಲಿಕೆಯಾಗಿವೆ. ಮಹಾಜನ ಆಯೋಗ 1967ರ ತನ್ನ ವರದಿಯಲ್ಲಿ ಚಂದ್ರಗಿರಿ ಹೊಳೆಯ ಉತ್ತರದ ಕಾಸರಗೋಡನ್ನು ಮೈಸೂರು ರಾಜ್ಯಕ್ಕೆ ಸೇರಿಸಬೇಕೆಂದಿತು. ಅದೇ ವರದಿಯಲ್ಲಿ ಸಾಂಗಲಿ ಜಿಲ್ಲೆಯ ಜತ್ತ ಭಾಗದ ಕನ್ನಡ ಹಳ್ಳಿಗಳ ಕುರಿತೂ ಅಂಥದೇ ಮಾತಿತ್ತು. ಎರಡೂ ಕಡೆ ಆ ಮಾತು ಕಾಗದದಲ್ಲೇ ಉಳಿಯಿತು. ಆ ಲೆಕ್ಕದಲ್ಲಿ ಅವರೂ ನಾವೂ ಒಂದೇ ದೋಣಿಯವರು.

ಕನ್ನಡಿಗರಿಗೆ ಮಿರಜದೊಂದಿಗೆ ಇನ್ನೊಂದು ನಂಟಿದೆ, ಸಂಗೀತದ್ದು. ಕಿರಾಣಾ ಘರಾಣೆಯ ಅಬ್ದುಲ್ ಕರೀಂ ಖಾನರು ನೆಲೆನಿಂತದ್ದು ಮಿರಜದಲ್ಲಿ. ಅವರ ಶಿಷ್ಯರು ಕುಂದಗೋಳದ ಸವಾಯಿ ಗಂಧರ್ವರು. ಸವಾಯಿ ಗಂಧರ್ವರ ಶಿಷ್ಯರು ಗಂಗೂಬಾಯಿ ಹಾನಗಲ್ಲ, ಭೀಮಸೇನ ಜೋಶಿ. ಗವಾಯಿ ಪಂಚಾಕ್ಷರಿಗಳಿಗೂ ಮಲ್ಲಿಕಾರ್ಜುನ ಮನ್ಸೂರರಿಗೂ ಪಾಠ ಹೇಳಿದ ನೀಲಕಂಠಬುವಾ ಮಿರಜದಲ್ಲಿದ್ದ ಕನ್ನಡಿಗರು. ಅಲ್ಲಿ ತಯಾರಾಗುವ ಸಿತಾರ್, ತಂಬೂರಿಗಳಿಗೆ 2024ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆಯೂ ದೊರೆಯಿತು. ಆದರೆ ಇಂದಿನ ಮಾತು ಗಾಯನದ್ದಲ್ಲ, ಗಾಯಕರು ಕೂಡಿ ನಡೆಸಿದ ಸಂಸ್ಥೆಯದ್ದು.

ಒಬ್ಬರ ಹೆಗಲ ಮೇಲಿನ ವಿದ್ಯಾಲಯ

ವಿಷ್ಣು ದಿಗಂಬರ ಪಲುಸ್ಕರರು 1872ರಲ್ಲಿ ಮಿರಜದ ಸಮೀಪದ ಕುರುಂದವಾಡದಲ್ಲಿ ಹುಟ್ಟಿದರು. ಬಾಲ್ಯದಲ್ಲಿ ಪಟಾಕಿ ಸಿಡಿದು ಕಣ್ಣಿಗೆ ಏಟು ಬಿತ್ತು. ಚಿಕಿತ್ಸೆಗೆಂದು ಮಿರಜಕ್ಕೆ ಬಂದವರು ಅಲ್ಲಿಯೇ ಬಾಲಕೃಷ್ಣಬುವಾ ಇಚಲಕರಂಜಿಕರರಲ್ಲಿ ಸಂಗೀತ ಕಲಿತರು. ಮುಂದೆ ಊರು ಬಿಟ್ಟು ಉತ್ತರಕ್ಕೆ ಹೋಗಿ 1901ರ ಮೇ 5ರಂದು ಲಾಹೋರಿನಲ್ಲಿ ಗಾಂಧರ್ವ ಮಹಾವಿದ್ಯಾಲಯವನ್ನು ತೆರೆದರು. ರಾಜಾಶ್ರಯವನ್ನು ನೆಚ್ಚದೆ, ಸಾರ್ವಜನಿಕರ ದೇಣಿಗೆ ಮತ್ತು ಕಚೇರಿಗಳ ಸಂಪಾದನೆಯಿಂದ ಸಂಗೀತಶಾಲೆ ನಡೆಸುವುದು ಆ ಕಾಲಕ್ಕೆ ದೊಡ್ಡ ಸಾಹಸ. ತಾಳ ಲಯಗಳನ್ನು ಗುರುತಿಸುವ ಸ್ವರಲಿಪಿ, ಅಚ್ಚಾದ ಪಾಠಪುಸ್ತಕ, ತರಗತಿ, ಪರೀಕ್ಷೆ ಎಲ್ಲವನ್ನೂ ಅವರು ರೂಢಿಗೆ ತಂದರು. ಮುಂದೆ ಉಪಾಧ್ಯಾಯರಾಗಬೇಕಾದ ಹುಡುಗರಿಗೆ ಉಪದೇಶಕ ವರ್ಗವೆಂದು ಮಾಡಿ, ಊಟ ವಸತಿ ಕೊಟ್ಟು ವರ್ಷಗಟ್ಟಲೆ ಕಲಿಸಿದರು.

1908ರಲ್ಲಿ ಮುಂಬಯಿಯಲ್ಲೂ ವಿದ್ಯಾಲಯವಾಯಿತು. ಕೆಲವು ವರ್ಷಗಳಲ್ಲಿ ಸ್ವಂತ ಕಟ್ಟಡವೂ ಎದ್ದಿತು. ಎದ್ದದ್ದು ಸಾಲದ ಮೇಲೆ. ಬಡ್ಡಿ ಕಟ್ಟಲು ಪಲುಸ್ಕರರೇ ಊರೂರು ತಿರುಗಿ ಹಾಡಬೇಕಾಯಿತು. ಹಾಡಲು ಹೋದರೆ ಶಾಲೆ ನೋಡಿಕೊಳ್ಳುವವರಿಲ್ಲ, ಶಾಲೆಯಲ್ಲಿ ಕುಳಿತರೆ ಬಡ್ಡಿ ನಿಲ್ಲದು. ಕೊನೆಗೆ 1920ರ ದಶಕದಲ್ಲಿ ಸಾಲಗಾರರು ಆ ಕಟ್ಟಡವನ್ನು ಹರಾಜಿಗೆ ತಂದರು. ಪಲುಸ್ಕರರು ನಾಸಿಕದಲ್ಲಿ ಆಶ್ರಮ ಕಟ್ಟಿಕೊಂಡು ರಾಮನಾಮದಲ್ಲಿ ಮನಸ್ಸಿಟ್ಟರು. 1931ರ ಆಗಸ್ಟ್ 21ರಂದು, ತಾವು ಸಂಗೀತ ಕಲಿತ ಮಿರಜದಲ್ಲಿಯೇ ತೀರಿಕೊಂಡರು.

ಅಂಥ ನಿಸ್ವಾರ್ಥಿ, ಅಂಥ ದುಡಿಮೆಗಾರ, ದೇಶವೆಲ್ಲ ಬಲ್ಲ ಹೆಸರು. ಆದರೂ ಸಂಸ್ಥೆ ಕುಸಿಯಿತು. ತ್ಯಾಗ ಸಾಲದೆ ಹೋದುದರಿಂದಲ್ಲ. ಎಲ್ಲ ಭಾರವೂ ಒಬ್ಬರೇ ಮನುಷ್ಯನ ಮೇಲೆ ಇದ್ದುದರಿಂದ. ಅಬ್ದುಲ್ ಕರೀಂ ಖಾನರು 1913ರಲ್ಲಿ ಪುಣೆಯಲ್ಲಿ ತೆರೆದ ಆರ್ಯ ಸಂಗೀತ ವಿದ್ಯಾಲಯವೂ ಬಹುಕಾಲ ಬಾಳಲಿಲ್ಲ.

ಶಿಷ್ಯರು ಹೂಡಿದ ಮಂಡಲ

ಗುರು ತೀರಿದ ಬಳಿಕ, ಅದೇ 1931ರಲ್ಲಿ, ಶಿಷ್ಯರು ಒಟ್ಟುಗೂಡಿ ಗಾಂಧರ್ವ ಮಹಾವಿದ್ಯಾಲಯ ಮಂಡಲವನ್ನು ಸ್ಥಾಪಿಸಿದರು. ಮಿರಜದಲ್ಲಿ ಹುಟ್ಟಿದ ವಿನಾಯಕರಾವ್ ಪಟವರ್ಧನ, ಅಲ್ಲಿಯವರೇ ಆದ ಬಿ. ಆರ್. ದೇವಧರ, ನಾರಾಯಣರಾವ್ ವ್ಯಾಸ ಮೊದಲಾದವರೆಲ್ಲ ಆ ಶಿಷ್ಯವರ್ಗದವರು. ಹರಾಜಾದ ಕಟ್ಟಡವನ್ನು ಬಿಡಿಸಿಕೊಳ್ಳಲು ಇನ್ನೊಂದು ಸಾಲಕ್ಕೆ ಕೈಹಾಕುವ ದಾರಿಯನ್ನು ಅವರು ಹಿಡಿಯಲಿಲ್ಲ. ಒಬ್ಬೊಬ್ಬರು ತಮ್ಮ ತಮ್ಮ ಊರಿನಲ್ಲಿ ಶಾಲೆ ನಡೆಸಿದರು. ವಿನಾಯಕರಾಯರದ್ದು 1932ರಿಂದ ಪುಣೆಯಲ್ಲಿ ನಡೆಯಿತು, ದೇವಧರರದ್ದು ಅದಕ್ಕೂ ಮೊದಲೇ ಮುಂಬಯಿಯಲ್ಲಿತ್ತು. ನಮ್ಮ ಸೂಳೆಭಾವಿಯ ಕುಮಾರ ಗಂಧರ್ವರು ಬೆಳೆದದ್ದು ಆ ದೇವಧರರ ಶಾಲೆಯಲ್ಲಿ. ಪ್ರತಿ ಶಾಲೆಯ ಖರ್ಚು ವೆಚ್ಚ ಆಯಾ ಶಾಲೆಯದ್ದು. ಎಲ್ಲರನ್ನೂ ಕಟ್ಟಿಹಾಕಿದ್ದು ಒಂದೇ ಪಠ್ಯಕ್ರಮ, ಒಂದೇ ಪರೀಕ್ಷೆ.

ಈ ಏರ್ಪಾಡಿನ ಜಾಣ್ಮೆಯನ್ನು ಗಮನಿಸಬೇಕು. ಪ್ರಾರಂಭಿಕದಿಂದ ತೊಡಗಿ ಪ್ರವೇಶಿಕಾ, ಮಧ್ಯಮಾ, ವಿಶಾರದ, ಅಲಂಕಾರದವರೆಗೆ ಮೆಟ್ಟಿಲು ಮೆಟ್ಟಿಲಾಗಿ ಪರೀಕ್ಷೆಗಳಿವೆ. ಪರೀಕ್ಷೆಗೆ ಊರೂರಿನಲ್ಲಿ ಕೇಂದ್ರಗಳಿವೆ. ಕಟ್ಟುವ ಶುಲ್ಕ ಚಿಕ್ಕದಾದರೂ ವರ್ಷ ವರ್ಷವೂ ತಪ್ಪದೆ ಬರುವಂಥದು. ಪಲುಸ್ಕರರ ಕಾಲದಲ್ಲಿ ಸಂಸ್ಥೆ ಬದುಕಬೇಕಾದರೆ ಗುರು ಹಾಡಬೇಕಿತ್ತು. ಈಗ ಯಾರೂ ಒಬ್ಬರು ಹಾಡದಿದ್ದರೂ ಅದು ನಡೆಯುತ್ತದೆ. 1947ರ ದೇಶವಿಭಜನೆಯಲ್ಲಿ ಲಾಹೋರು ಕೈಬಿಟ್ಟಿತು. ಆದರೂ ಮಂಡಲ ನಿಲ್ಲಲಿಲ್ಲ. ಅದು ಒಂದು ಊರಿಗೋ ಒಂದು ಗೋಡೆಗೋ ಅಂಟಿಕೊಂಡಿರಲಿಲ್ಲ.

ಮಂಡಲದ ಮಾಸಪತ್ರಿಕೆ ‘ಸಂಗೀತ ಕಲಾ ವಿಹಾರ’ ಆ 1947ರಿಂದಲೇ ಮಿರಜದಿಂದ ಹೊರಟಿತು. ದೇವಧರರು ಅದರ ಸಂಪಾದಕತ್ವ ವಹಿಸಿ, ಹಳೆಯ ಗವಾಯಿಗಳ ಬಾಳಿನ ಸಂಗತಿಗಳನ್ನು ಬರೆದಿಟ್ಟರು. ಬಾಯಿಂದ ಬಾಯಿಗೆ ಹೋಗಿ ಅಳಿದುಬಿಡಬಹುದಾಗಿದ್ದ ಎಷ್ಟೋ ವಿಷಯ ಅಚ್ಚಿಗೆ ಬಂತು. ದೂರದ ಕೇಂದ್ರದ ಮೇಷ್ಟರಿಗೆ ತಾನೂ ಈ ಮನೆಯವನೆಂದು ಅನ್ನಿಸಲು ತಿಂಗಳಿಗೊಮ್ಮೆ ಅಂಚೆಯವನು ತರುವ ಇಂಥ ನಾಲ್ಕು ಹಾಳೆ ಸಾಕು. ಇಂದು ಮಂಡಲದ ಸಂಗೀತ ಆಶ್ರಮ ನವಿ ಮುಂಬಯಿಯ ವಾಶಿಯಲ್ಲಿದ್ದರೂ ಅದರ ಕಚೇರಿಯ ಊರೆಂದು ಪರೀಕ್ಷೆಗೆ ಕುಳಿತ ಮಕ್ಕಳಿಗೆಲ್ಲ ತಿಳಿದಿರುವುದು ಮಿರಜ.

ಜಗಳವಾಡಿಯೂ ಉಳಿದ ಸಂಸ್ಥೆ

ಸಾಂಗಲಿ ಮತ್ತು ಮಿರಜಗಳ ನಡುವೆ ವಿಶ್ರಾಮಬಾಗ್ ಎಂಬಲ್ಲಿ ವಿಲಿಂಗ್ಡನ್ ಕಾಲೇಜಿದೆ, 1919ರದ್ದು. ರಂ. ಶ್ರೀ. ಮುಗಳಿಯವರು ಅಲ್ಲಿ ಬಹುಕಾಲ ಕನ್ನಡ ಕಲಿಸಿದರು. ವಿ. ಕೃ. ಗೋಕಾಕರು ಅಲ್ಲಿ ಪ್ರಾಚಾರ್ಯರಾಗಿದ್ದರು. ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಪಡೆದ ‘ಕನ್ನಡ ಸಾಹಿತ್ಯ ಚರಿತ್ರೆ’ ಮುಗಳಿಯವರದು. ಮರಾಠಿ ನೆಲದಲ್ಲಿ ಕುಳಿತು ಕನ್ನಡ ಸಾಹಿತ್ಯದ ಇತಿಹಾಸವನ್ನು ನೋಡಿದ ಈ ವಿದ್ವಾಂಸರ ನೆನಪು ಗಡಿನಾಡಿನ ನಮಗೆ ಹುರುಪು ಕೊಡಬೇಕು.

ಕಾಲೇಜನ್ನು ನಡೆಸುವುದು ಪುಣೆಯ ಡೆಕ್ಕನ್ ಎಜುಕೇಶನ್ ಸೊಸೈಟಿ, 1884ರಲ್ಲಿ ಹುಟ್ಟಿದ್ದು. ಅಲ್ಲಿಯ ಉಪಾಧ್ಯಾಯರು ಆಜೀವ ಸದಸ್ಯರಾಗಿ, ಕಡಿಮೆ ಸಂಬಳಕ್ಕೆ ಬಹುಕಾಲ ದುಡಿಯುವ ಪಣ ತೊಡುತ್ತಿದ್ದರು. ಸಂಸ್ಥೆಯ ಆಡಳಿತವೂ ಅವರ ಕೈಯಲ್ಲೇ. ಆದರೆ ಆಜೀವ ಸದಸ್ಯರು ಹೊರಗಿನ ಸಂಪಾದನೆ ಮಾಡಬಹುದೇ ಕೂಡದೇ ಎಂಬ ವಿಷಯದಲ್ಲಿ ದೊಡ್ಡ ವಾದವೆದ್ದು, 1890ರಲ್ಲಿ ಸ್ಥಾಪಕರಲ್ಲಿ ಒಬ್ಬರಾದ ಬಾಲಗಂಗಾಧರ ತಿಲಕರೇ ರಾಜೀನಾಮೆ ಕೊಟ್ಟು ಹೊರಬಂದರು. ತಿಲಕರಂಥವರು ಹೋದರೂ ಸೊಸೈಟಿ ಮುರಿಯಲಿಲ್ಲ. ಸಂಘದಲ್ಲಿ ಜಗಳವಾಗಬಾರದೆಂದು ಬಯಸುವುದು ವ್ಯರ್ಥ. ಜಗಳವನ್ನು ಸಭೆಯ ಮುಂದಿಟ್ಟು, ಠರಾವು ಮಾಡಿ, ಸೋತವರು ರಾಜೀನಾಮೆ ಕೊಟ್ಟು ಹೋಗುವಷ್ಟು ಕ್ರಮವಿದ್ದರೆ ಸಂಸ್ಥೆ ಬದುಕುತ್ತದೆ. ತಿಲಕರು ಹೊರಬಂದ ಅದೇ 1890ರಲ್ಲಿ ಧಾರವಾಡದಲ್ಲಿ ರಾ. ಹ. ದೇಶಪಾಂಡೆಯವರ ಮುಂದಾಳುತನದಲ್ಲಿ ಕರ್ನಾಟಕ ವಿದ್ಯಾವರ್ಧಕ ಸಂಘ ಹುಟ್ಟಿತು. ಮರಾಠಿಯ ಒತ್ತಡದಲ್ಲಿ ಕನ್ನಡಕ್ಕೆ ಆಸರೆಯಾಗಿ ಹುಟ್ಟಿದ ಆ ಸಂಘ ಇಂದಿಗೂ ನಡೆಯುತ್ತಿದೆ.

ದಫ್ತರವೇ ಆಸ್ತಿ

ಮಿರಜದ ಹೈಸ್ಕೂಲಿನಲ್ಲಿ ಸಂಸ್ಕೃತ ಕಲಿಸುತ್ತಿದ್ದ ವಾಸುದೇವಶಾಸ್ತ್ರಿ ಖರೆ ಎಂಬವರು ಪಟವರ್ಧನರ ಮನೆಗಳಲ್ಲಿದ್ದ ಹಳೆಯ ಮೋಡಿ ಕಾಗದಗಳನ್ನು ಓದಿ, ಆಯ್ದು, 1897ರಿಂದ ‘ಐತಿಹಾಸಿಕ ಲೇಖ ಸಂಗ್ರಹ’ವೆಂದು ಅಚ್ಚು ಹಾಕಿಸಿದರು. 1924ರಲ್ಲಿ ಅವರು ತೀರಿಕೊಳ್ಳುವಾಗ ಅದು ಹಲವು ಸಂಪುಟಗಳಾಗಿ ಬೆಳೆದಿತ್ತು. ಪೇಶವೆಯರ ಕಾಲದ ಇತಿಹಾಸ ಬರೆಯುವವರಿಗೆ ಇಂದಿಗೂ ಅದು ಬೇಕು. ಆ ಕಾಗದಗಳನ್ನು ಬರೆದ ಗುಮಾಸ್ತರು ಇತಿಹಾಸಕ್ಕೆಂದು ಬರೆದವರಲ್ಲ. ಸೈನ್ಯದ ಖರ್ಚು, ಮಾಡಿದ ಸಾಲ, ತಲುಪಿದ ಸುದ್ದಿ, ಇಷ್ಟೇ ಅವರ ವಿಷಯ. ತಾರೀಕು ಹಾಕಿ ಕಟ್ಟಿಟ್ಟದ್ದರಿಂದ ಮಾತ್ರ ಅದು ಉಳಿಯಿತು. ನಮ್ಮ ಊರಿನ ಕನ್ನಡ ಸಂಘದ ನಡಾವಳಿಯೂ ಅಂಥದೇ. 1948ರಲ್ಲಿ ತಿ. ತಾ. ಶರ್ಮರ ಅಧ್ಯಕ್ಷತೆಯಲ್ಲಿ ಕಾಸರಗೋಡಿನಲ್ಲಿ ಸಾಹಿತ್ಯ ಸಮ್ಮೇಳನ ನಡೆದ ಕಾಲದ ಕರೆಯೋಲೆ, ರಶೀದಿ, ಖರ್ಚಿನ ಚೀಟಿಗಳು ಯಾರ ಮನೆಯಲ್ಲಾದರೂ ಇದ್ದರೆ ಅವು ರದ್ದಿಯಲ್ಲ, ಆಸ್ತಿ.

ಕಾಯಿದೆ ಕೇಳುವುದು ಹೆಚ್ಚೇನಲ್ಲ

ನಮ್ಮ ಭಾಗದ ಸಂಘಗಳು ನೋಂದಾವಣೆಯಾಗುವುದು 1860ರ ಸಂಘಗಳ ನೋಂದಣಿ ಕಾಯಿದೆಯಂತೆ. ತಿರುವಾಂಕೂರು–ಕೊಚ್ಚಿಯ ಕಡೆಗೆ 1955ರ ಬೇರೆ ಕಾಯಿದೆಯಿದೆ. ಹಳೆಯ ಮಲಬಾರಿನ ಪಾಲಿಗೆ 1860ರದ್ದೇ ನಡೆದುಬಂದಿದೆ. ಏಳು ಮಂದಿ ಸೇರಿದರೆ ಸಂಘವಾಗುತ್ತದೆ. ವರ್ಷಕ್ಕೊಮ್ಮೆ ಮಹಾಸಭೆಯಾದ ಬಳಿಕ 14 ದಿನಗಳೊಳಗೆ ಆಡಳಿತ ಸಮಿತಿಯವರ ಪಟ್ಟಿಯನ್ನು ರಿಜಿಸ್ಟ್ರಾರರಿಗೆ ಕೊಡಬೇಕು. ಸಂಘವನ್ನು ವಿಸರ್ಜಿಸಬೇಕಾದರೆ ಐದರಲ್ಲಿ ಮೂರು ಪಾಲು ಸದಸ್ಯರು ಒಪ್ಪಬೇಕು. ಸಾಲ ತೀರಿಸಿ ಉಳಿದುದನ್ನು ಸದಸ್ಯರು ಹಂಚಿಕೊಳ್ಳುವಂತಿಲ್ಲ, ಬೇರೊಂದು ಸಂಘಕ್ಕೆ ಸಲ್ಲಬೇಕು. ಮಿರಜ–ಸಾಂಗಲಿಯವರಿಗೆ ಬಿಗಿ ಇನ್ನೂ ಹೆಚ್ಚು. ಮಹಾರಾಷ್ಟ್ರದಲ್ಲಿ ಇಂಥ ಸಂಘಗಳು 1950ರ ಸಾರ್ವಜನಿಕ ಟ್ರಸ್ಟುಗಳ ಕಾಯಿದೆಗೂ ಒಳಪಡುತ್ತವೆ. ಆಡಳಿತದಲ್ಲಿ ಬದಲಾವಣೆಯಾದರೆ 90 ದಿನಗಳೊಳಗೆ ಧರ್ಮಾದಾಯ ಕಚೇರಿಗೆ ತಿಳಿಸಬೇಕು.

ಇದು ಬರೇ ಕಾಗದದ ಕಾಟವೆಂದು ಗೊಣಗುವವರುಂಟು. ಆದರೆ ಆ ಪಟ್ಟಿ ಹೋಗದೆ ಹಲವು ವರ್ಷ ಕಳೆದರೆ, ನಾಳೆ ಸಂಘದ ಜಾಗದ ಮೇಲೆ ಯಾರೋ ಹಕ್ಕು ಹೇಳಿದಾಗ, ಸಂಘದ ಪರವಾಗಿ ಮಾತಾಡುವ ಅಧಿಕಾರ ಯಾರಿಗಿದೆಯೆಂದು ತೋರಿಸುವುದೇ ಕಷ್ಟವಾಗುತ್ತದೆ. ಊರ ಹಿರಿಯರು ಸಂಘಕ್ಕೆ ಬಿಟ್ಟುಕೊಟ್ಟ ಐದು ಸೆಂಟ್ಸು ಜಾಗ ಇಂಥ ಅಜಾಗ್ರತೆಯಲ್ಲಿ ಕೈಬಿಡಬಾರದು.

ನಾವು ಮಾಡಬಹುದಾದದ್ದು

ಮಿರಜದ ಮಂಡಲದಷ್ಟು ದೊಡ್ಡದಾಗಬೇಕೆಂದು ಯಾರೂ ಹೇಳುವುದಿಲ್ಲ. ಅದರ ನಾಲ್ಕು ಗುಣಗಳನ್ನು ನಮ್ಮ ಚಿಕ್ಕ ಸಂಘಗಳೂ ತೆಗೆದುಕೊಳ್ಳಬಹುದು.

ಮೊದಲನೆಯದು, ವರ್ಷಕ್ಕೊಂದಾದರೂ ತಪ್ಪದ ಕೆಲಸ. ಮಕ್ಕಳಿಗೆ ಕನ್ನಡ ಪ್ರಬಂಧ ಪರೀಕ್ಷೆಯಿರಲಿ, ಗಮಕ ವಾಚನವಿರಲಿ, ಇಂಥ ತಿಂಗಳ ಇಂಥ ಭಾನುವಾರವೆಂದರೆ ಅದು ನಡೆಯಲೇಬೇಕು. ದೊಡ್ಡ ಉತ್ಸವ ಮಾಡಿ ಮೂರು ವರ್ಷ ಮಲಗುವುದಕ್ಕಿಂತ ಅದು ಮೇಲು.

ಎರಡನೆಯದು, ಚಿಕ್ಕದಾದರೂ ಖಚಿತವಾದ ಆದಾಯ. ಒಬ್ಬ ದಾನಿಯ ಸಾವಿರಾರು ರೂಪಾಯಿಗಿಂತ ಐವತ್ತು ಮನೆಗಳ ವಾರ್ಷಿಕ ಚಂದಾ ಗಟ್ಟಿ. ದಾನಿ ಮುನಿಸಿಕೊಳ್ಳಬಹುದು, ಐವತ್ತು ಮನೆ ಒಮ್ಮೆಲೇ ಮುನಿಸಿಕೊಳ್ಳಲಾರದು. ಕಟ್ಟಡಕ್ಕೆಂದು ಸಾಲವಂತೂ ಬೇಡ. ಪಲುಸ್ಕರರಿಗೇ ತೀರಿಸಲಾಗದ್ದು ನಮಗೆ ತೀರೀತೇ?

ಮೂರನೆಯದು, ಲೆಕ್ಕ ಮತ್ತು ದಾಖಲೆ. ಎರಡು ರೂಪಾಯಿಗೂ ರಶೀದಿ ಬೇಕು. ಮಹಾಸಭೆಯಲ್ಲಿ ಆಯವ್ಯಯವನ್ನು ಗಟ್ಟಿಯಾಗಿ ಓದಿ ಹೇಳಬೇಕು. ನಡಾವಳಿಯ ಒಂದು ಪ್ರತಿ ಕಾರ್ಯದರ್ಶಿಯ ಮನೆಯ ಹೊರತಾಗಿ ಇನ್ನೊಂದೆಡೆ, ಶಾಲೆಯ ಕಪಾಟಿನಲ್ಲೋ ವಾಚನಾಲಯದಲ್ಲೋ ಇರಬೇಕು. ಕೈಯಲ್ಲಿರುವ ಫೋನಿನಲ್ಲಿ ಪುಟಗಳ ಚಿತ್ರ ತೆಗೆದಿಟ್ಟರೂ ಆದೀತು.

ನಾಲ್ಕನೆಯದು, ಉತ್ತರಾಧಿಕಾರ. ಪ್ರತಿಯೊಬ್ಬ ಕಾರ್ಯದರ್ಶಿಯೂ ಜೊತೆಗೊಬ್ಬ ಎಳೆಯರನ್ನು, ಹುಡುಗನಾಗಲಿ ಹುಡುಗಿಯಾಗಲಿ, ಕೂರಿಸಿಕೊಂಡು ಕೆಲಸ ಕಲಿಸಬೇಕು. ನಮ್ಮಲ್ಲಿ ಎಷ್ಟೋ ಮಂದಿ ಹಿರಿಯರು ‘ನಾನಿಲ್ಲದಿದ್ದರೆ ಸಂಘ ನಡೆಯದು’ ಎಂದು ಹೆಮ್ಮೆಯಿಂದ ಹೇಳುವುದುಂಟು. ಅದು ಹೆಮ್ಮೆ ಪಡುವ ಮಾತಲ್ಲ.

ಮುಂದಿನ ಮಹಾಸಭೆಗೆ ಹೋಗುವಾಗ ಓದುಗರು ಈ ನಾಲ್ಕರಲ್ಲಿ ಒಂದನ್ನಾದರೂ ಸಭೆಯ ಮುಂದಿಡಲಿ. ಸಮಿತಿಯ ಪಟ್ಟಿ ಕಳೆದ ವರ್ಷ ರಿಜಿಸ್ಟ್ರಾರರಿಗೆ ಹೋಗಿದೆಯೇ ಎಂದು ವಿನಯದಿಂದ ಒಂದು ಪ್ರಶ್ನೆ ಕೇಳಿದರೂ ಸಾಕು, ಅಲ್ಲಿಂದ ಕೆಲಸ ಸುರುವಾದೀತು.