ಒಂದು ಎರಡಾಗಿ ಕಂಡರೆ ಸುಮ್ಮನಿರಬೇಡಿ

ಸ್ಕೂಟರ್‌ನಿಂದ ಬಿದ್ದು ತಲೆಗೆ ಪೆಟ್ಟಾಯಿತು. ಸ್ಕ್ಯಾನಿಂಗ್‌ನಲ್ಲಿ ಏನೂ ಇಲ್ಲವೆಂದು ಆಸ್ಪತ್ರೆಯಿಂದ ಮನೆಗೂ ಕಳಿಸಿದರು. ಆದರೆ ನಿಮ್ಮ ಯಜಮಾನರು ‘ಕಾಫಿ ಲೋಟ ಎರಡೆರಡು ಕಾಣ್ತಿದೆ ಕಣೇ’ ಎನ್ನುತ್ತಾರಾ? ಮೆಟ್ಟಿಲು ಇಳಿಯಲು ತಡವರಿಸುತ್ತಾರಾ? ಪೇಪರ್ ಓದುವಾಗ ತಲೆಯನ್ನು ಒಂದು ಪಕ್ಕಕ್ಕೆ ವಾಲಿಸುತ್ತಾರಾ? ಸುಸ್ತಿರಬೇಕು ಅಂತ ಸುಮ್ಮನಾಗಬೇಡಿ.

ಒಂದೊಂದು ಕಣ್ಣನ್ನೂ 6 ಪುಟ್ಟ ಸ್ನಾಯುಗಳು ತಿರುಗಿಸುತ್ತವೆ. ಅವಕ್ಕೆ ಮಿದುಳಿನ ಅಪ್ಪಣೆ ತಲುಪಿಸುವುದು 3, 4 ಮತ್ತು 6ನೇ ನರಗಳು. ನಾಲ್ಕನೆಯದು ತೀರಾ ತೆಳು. ತಲೆಗೆ ಪೆಟ್ಟಾದಾಗ ಬೇಗ ಘಾಸಿಗೊಳ್ಳುತ್ತದೆ. ಆಗ ಕೆಳಗೆ ನೋಡಿದರೆ ಒಂದೇ ವಸ್ತು ಮೇಲೊಂದು, ಕೆಳಗೊಂದಾಗಿ ಕಾಣುತ್ತದೆ. ಆರನೆಯದು ಘಾಸಿಗೊಂಡರೆ ದೂರದ್ದು ಅಕ್ಕಪಕ್ಕ ಎರಡಾಗುತ್ತದೆ.

ಮನೆಯಲ್ಲೇ ಹೀಗೆ ಮಾಡಿ ನೋಡಿ. ಒಂದೊಂದೇ ಕಣ್ಣು ಮುಚ್ಚಿ ನೋಡಲು ಹೇಳಿ. ಯಾವ ಕಣ್ಣು ಮುಚ್ಚಿದರೂ ವಸ್ತು ಒಂದೇ ಕಂಡರೆ, ಕಣ್ಣುಗಳ ಹೊಂದಾಣಿಕೆ ತಪ್ಪಿದೆ ಎಂದರ್ಥ. ತಡಮಾಡದೆ ಕಣ್ಣಿನ ಡಾಕ್ಟರಿಗೆ ತೋರಿಸಿ, ಪೆಟ್ಟಾದ ವಿಷಯವನ್ನೂ ತಿಳಿಸಿ.

ಎಷ್ಟೋ ಮಂದಿಗೆ ಕೆಲವು ತಿಂಗಳಲ್ಲಿ ಇದು ತಾನಾಗಿಯೇ ಸರಿಹೋಗುತ್ತದೆ. ಅಲ್ಲಿಯವರೆಗೆ ಒಂದು ಕಣ್ಣಿಗೆ ಪಟ್ಟಿ ಅಥವಾ ಪ್ರಿಸಂ ಕನ್ನಡಕ ಕೊಡುತ್ತಾರೆ. ಆರು ತಿಂಗಳಾದರೂ ಗುಣವಾಗದಿದ್ದರೆ ಸ್ನಾಯುವಿನ ಆಪರೇಷನ್ ಬಗ್ಗೆ ಯೋಚಿಸುತ್ತಾರೆ. ಡಾಕ್ಟರು ಒಪ್ಪುವ ತನಕ ಗಾಡಿಯ ಕೀ ನಿಮ್ಮ ಬಳಿಯೇ ಇರಲಿ!

ಆದರೆ ರೆಪ್ಪೆ ಜೋತುಬಿದ್ದರೆ, ಒಂದು ಕಣ್ಣಿನ ಪಾಪೆ ದೊಡ್ಡದಾದರೆ, ವಾಂತಿ, ವಿಪರೀತ ತಲೆನೋವು, ಮಂಪರು ಕಂಡರೆ ಮಿದುಳಿನಲ್ಲಿ ರಕ್ತಸ್ರಾವ ಆಗಿರಬಹುದು. ಬೆಳಿಗ್ಗೆ ನೋಡೋಣ ಅನ್ನಬೇಡಿ. ಆ ಕ್ಷಣವೇ 108ಕ್ಕೆ ಫೋನ್ ಮಾಡಿ.